ಚಿಕ್ಕ ಪೆಟ್ಟಿಗೆ, ದೊಡ್ಡ ಶಾಖ

ಗಣಕಯಂತ್ರವು ಸೇವಿಸುವ ವಿದ್ಯುಚ್ಛಕ್ತಿಯೆಲ್ಲವೂ ಕಟ್ಟಕಡೆಗೆ ಶಾಖವಾಗಿ ಪರಿಣಮಿಸುತ್ತದೆ. 2024ರಲ್ಲಿ ಬಂದ ಆ್ಯಪಲ್ ಸಂಸ್ಥೆಯ ಮ್ಯಾಕ್ ಮಿನಿ ಯಂತ್ರವನ್ನು ನೋಡಿ: ಉದ್ದಗಲ 12.7, ಎತ್ತರ 5 ಸೆಂಟಿಮೀಟರು. ಊಟದ ಡಬ್ಬಿಯಷ್ಟಿರುವ ಇದರ ಎಂ4 ಪ್ರೊ ಮಾದರಿಯು ಪೂರ್ಣ ದುಡಿಮೆಯಲ್ಲಿ 140 ವಾಟ್ ಸೇವಿಸುತ್ತದೆ. ಹೊರಮೈ ಸುಮಾರು 580 ಚದರ ಸೆಂಟಿಮೀಟರು. 40 ಸೆಂಟಿಮೀಟರು ಉದ್ದ, ಅಷ್ಟೇ ಎತ್ತರ, 20 ಅಗಲವಿರುವ ದೊಡ್ಡ ಪೆಟ್ಟಿಗೆಯದಾದರೋ 6,400. ಪಂಖವು ಎರಡರಲ್ಲೂ ಉಂಟು. ಚಿಕ್ಕದರಲ್ಲಿ ಅದರ ಹೊಣೆ ಹೆಚ್ಚು.

ಶಾಖದ ಹರಿವು ಉಷ್ಣತೆಯ ಅಂತರವನ್ನು ಅವಲಂಬಿಸಿದೆಯಷ್ಟೆ. ಒಳಗಿನ ಚಿಪ್ 100 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವುದೆಂದು ಭಾವಿಸೋಣ. 25 ಡಿಗ್ರಿಯ ಕೊಠಡಿಯಲ್ಲಿ ಅಂತರ 75; ರಾಯಚೂರಿನ ಬೇಸಗೆಯ 42 ಡಿಗ್ರಿಯಲ್ಲಿ 58. ಅದೇ ವೇಗದಲ್ಲಿ ತಿರುಗುವ ಪಂಖವು ಸಾಗಿಸಬಲ್ಲ ಶಾಖದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಖೋತಾ! ಆಗ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಯಾರಕರು ವಿಧಿಸಿರುವ ಮಿತಿಯೇ 35 ಡಿಗ್ರಿ. ನಮ್ಮ ಬೇಸಗೆಯನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರಕ್ಕೆ ಶಾಖ ಕಳೆಯಲು ಕೃಷ್ಣೆಯ ನೀರುಂಟು. ಈ ಡಬ್ಬಿಗೆ ಕೊಠಡಿಯ ಗಾಳಿಯೊಂದೇ ಗತಿ.

ಆದರೆ ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ವಿದ್ಯುತ್ತು ಹೋದಾಗ ಈ ಲೆಕ್ಕ ತಿರುಗುತ್ತದೆ. 400 ವಾಟಿನ ದೊಡ್ಡ ಯಂತ್ರವನ್ನು ಕಾಲು ಗಂಟೆ ನಡೆಸುವ ಬ್ಯಾಟರಿಯು 100 ವಾಟಿನ ಕಿರುಯಂತ್ರವನ್ನು ಒಂದು ಗಂಟೆ ನಡೆಸೀತು. ಬರವಣಿಗೆ, ಲೆಕ್ಕಪತ್ರಗಳಿಗೆ ಅಷ್ಟು ವಾಟೂ ಬೇಡ. ಅಂಥವರಿಗೆ ಚಿಕ್ಕದೇ ಲೇಸೆಂದು ನನ್ನ ಮತ. ಹಗಲಿಡೀ ಚಲನಚಿತ್ರ ಸಂಕಲಿಸುವವರು, ಹವಾನಿಯಂತ್ರಣವಿಲ್ಲದಿದ್ದರೆ, ದೊಡ್ಡ ಪೆಟ್ಟಿಗೆಯನ್ನೇ ಕೊಳ್ಳಲಿ. ಮ್ಯಾಕ್ ಮಿನಿಯ ಮೆಮೊರಿಯನ್ನು ಮುಂದೆ ಹೆಚ್ಚಿಸಲಾಗದು, ಕೊಳ್ಳುವಾಗಲೇ ಯೋಚಿಸತಕ್ಕದ್ದು. ಗಾಳಿಯ ದಾರಿ ಅದರ ತಳದಲ್ಲಿದೆಯಾದ್ದರಿಂದ ಕಸೂತಿ ಬಟ್ಟೆ ಹಾಸಿ ಅದರ ಮೇಲೆ ಇಡಬಾರದು.