ನಿಮ್ಮ ಸ್ಕ್ರಿಪ್ಟ್‌ಗೆ ತನ್ನ ಹೆಸರು, ವಿಳಾಸ ಗೊತ್ತಿದೆಯೇ?



ಅಮೆರಿಕದಲ್ಲಿ ತೆರಿಗೆ ನಿವಾಸಿಗಳಾಗಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಎನ್‌ಆರ್‌ಒ, ಎನ್‌ಆರ್‌ಇ ಖಾತೆಗಳು, ಎಫ್‌ಡಿಗಳು ಇವೆ. ವರ್ಷದಲ್ಲಿ ಯಾವುದೇ ಒಂದು ದಿನ ಇವೆಲ್ಲದರ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಸಲ್ಲಿಸಬೇಕು. ಈ ಲೆಕ್ಕಕ್ಕೆ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡವರು ನಿಮ್ಮಲ್ಲೂ ಇದ್ದೀರಿ.

ಕೈಯಾರೆ ಓಡಿಸಿದಾಗ ಸರಿಯಾಗಿ ನಡೆಯುವ ಸ್ಕ್ರಿಪ್ಟ್, ಕ್ರಾನ್‌ಗೆ ಹಾಕಿದ ಕೂಡಲೇ "ಫೈಲ್ ಸಿಗುತ್ತಿಲ್ಲ" ಎಂದರೆ ಅದು ಅದೃಷ್ಟ. ಅದೇ ಹೆಸರಿನ ಹಳೆಯ ಫೈಲ್ ಬೇರೆ ಫೋಲ್ಡರ್‌ನಲ್ಲಿ ಸಿಕ್ಕಿಬಿಟ್ಟರೆ ಅಪಾಯ. ಒಂದು ಉದಾಹರಣೆ: ಡಾಲರ್‌ಗೆ 85 ರೂಪಾಯಿ ಎಂದುಕೊಳ್ಳಿ. ಈ ವರ್ಷದ ಗರಿಷ್ಠ ಮೊತ್ತ 9 ಲಕ್ಷ, ಅಂದರೆ ಸುಮಾರು 10,588 ಡಾಲರ್. ಹಳೆಯ ಫೈಲ್‌ನಲ್ಲಿ 7 ಲಕ್ಷ, ಅಂದರೆ ಸುಮಾರು 8,235. ಎರರ್ ಬರುವುದಿಲ್ಲ, ಆದರೆ ಉತ್ತರ "ಸಲ್ಲಿಸಬೇಕಿಲ್ಲ" ಎಂದಾಗುತ್ತದೆ.

ನಿಂತ ಜಾಗ ಬೇರೆ, ಮನೆ ಬೇರೆ

"ಎರಡನೇ ಕ್ರಾಸ್, ಎಡಕ್ಕೆ" ಎಂಬ ವಿಳಾಸ ಮಲ್ಲೇಶ್ವರದಲ್ಲಿ ನಿಂತವರಿಗೆ ಒಂದು ಮನೆ, ಜಯನಗರದಲ್ಲಿ ನಿಂತವರಿಗೆ ಇನ್ನೊಂದು ಮನೆ. ಬರೀ ಫೈಲ್ ಹೆಸರು ಕೊಟ್ಟರೆ ಕಂಪ್ಯೂಟರ್ ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲಿ ಹುಡುಕುವುದಿಲ್ಲ. ಆ ಕ್ಷಣ ನಿಂತಿರುವ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಕ್ರಾನ್ ನಿಲ್ಲುವುದು ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ. ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಲ್ಲಿ "ಸ್ಟಾರ್ಟ್ ಇನ್" ಖಾಲಿ ಬಿಟ್ಟರೆ ಅದು ಸಿಸ್ಟಮ್32ರಲ್ಲಿ ನಿಲ್ಲುತ್ತದೆ. ಹಾಗಾಗಿ ಸ್ಕ್ರಿಪ್ಟ್ ಮೊದಲು ತನ್ನ ವಿಳಾಸ ತಿಳಿದು, ಅಲ್ಲಿಂದಲೇ ಫೈಲ್ ತೆರೆಯಬೇಕು.

ಬ್ಯಾಶ್

$0 ಎಂದರೆ ಸ್ಕ್ರಿಪ್ಟನ್ನು ಯಾವ ಹೆಸರಿನಿಂದ ಕರೆದಿರೋ ಆ ಹೆಸರು. ಬೇಸ್‌ನೇಮ್ ಕಮಾಂಡ್ ಅದರಿಂದ ಹೆಸರನ್ನು, ಡಿರ್‌ನೇಮ್ ಕಮಾಂಡ್ ಫೋಲ್ಡರನ್ನು ಬಿಡಿಸಿ ಕೊಡುತ್ತವೆ. ಮೂರು ವಿಷಯ ನೆನಪಿಡಿ:

1. ಡಿರ್‌ನೇಮ್ ಬರೀ ಒಂದು ಚುಕ್ಕೆ ಕೊಡಬಹುದು. ಆ ಫೋಲ್ಡರ್‌ಗೆ ಸಿಡಿ ಮಾಡಿ, ನಂತರ ಪಿಡಬ್ಲ್ಯುಡಿ ಕೇಳಿದರೆ ಪೂರ್ತಿ ವಿಳಾಸ ಸಿಗುತ್ತದೆ. ಹೆಸರಲ್ಲಿ ಸ್ಪೇಸ್ ಇರಬಹುದು, ಡಬಲ್ ಕೋಟ್ಸ್ ಹಾಕಿ.
2. ಸ್ಕ್ರಿಪ್ಟನ್ನು ಸೋರ್ಸ್ ಮಾಡಿದರೆ $0 ಸ್ಕ್ರಿಪ್ಟ್‌ನ ಹೆಸರಾಗಿರುವುದಿಲ್ಲ. ಟರ್ಮಿನಲ್‌ನಿಂದ ಮಾಡಿದ್ದರೆ ಅದು ಶೆಲ್‌ನ ಹೆಸರು. ಆಗ ಬ್ಯಾಶ್_ಸೋರ್ಸ್ ಎಂಬ ಅರೇಯ ಮೊದಲ ಅಂಶ ಬಳಸಿ.
3. ಸಿಮ್‌ಲಿಂಕ್ ಮೂಲಕ ಕರೆದರೆ ಸಿಗುವುದು ಲಿಂಕ್‌ನ ವಿಳಾಸ. ನಿಜವಾದ ಫೈಲ್ ಬೇಕಿದ್ದರೆ ರಿಯಲ್‌ಪಾಥ್ ಕಮಾಂಡ್ ಬಳಸಿ.

ಪೈಥಾನ್

ಮುಂದೆ ಎರಡು, ಹಿಂದೆ ಎರಡು ಅಂಡರ್‌ಸ್ಕೋರ್ ಇರುವ __ಫೈಲ್__ ನಿಮ್ಮ ಆಧಾರ. ಅದನ್ನು ಪಾಥ್‌ಲಿಬ್‌ನ ಪಾಥ್‌ಗೆ ಕೊಟ್ಟು, ರಿಸಾಲ್ವ್ ಮಾಡಿ, ಪೇರೆಂಟ್ ಕೇಳಿದರೆ ಫೋಲ್ಡರ್. ನೇಮ್ ಕೇಳಿದರೆ ಹೆಸರು. 3.9ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ನೀವು ನೇರವಾಗಿ ಓಡಿಸುವ ಸ್ಕ್ರಿಪ್ಟ್‌ಗೆ ಅದು ಪೂರ್ತಿ ವಿಳಾಸವಾಗಿ ಬರದೇ ಇರಬಹುದು, ಹಾಗಾಗಿ ರಿಸಾಲ್ವ್ ಬಿಡಬೇಡಿ. ಜುಪಿಟರ್ ನೋಟ್‌ಬುಕ್‌ನ ಸೆಲ್‌ನಲ್ಲಿ ಮಾತ್ರ __ಫೈಲ್__ ಇರುವುದಿಲ್ಲ. ಅಲ್ಲಿ ಫೋಲ್ಡರನ್ನು ನೀವೇ ಬರೆಯಬೇಕು.

ಎಕ್ಸೆಲ್ ಮ್ಯಾಕ್ರೋ

ನಮ್ಮ ವೃತ್ತಿಯವರು ಎಡವುವುದು ಹೆಚ್ಚಾಗಿ ಇಲ್ಲೇ. ಆಕ್ಟಿವ್‌ವರ್ಕ್‌ಬುಕ್ ಎಂದರೆ ಆಗ ತೆರೆಯ ಮುಂದಿರುವ ಫೈಲ್. ದಿಸ್‌ವರ್ಕ್‌ಬುಕ್ ಎಂದರೆ ಮ್ಯಾಕ್ರೋ ಇರುವ ಫೈಲ್. ನಿಮಗೆ ಬೇಕಾದ್ದು ಎರಡನೆಯದರ ಪಾಥ್. ಫೈಲ್ ಒಮ್ಮೆಯೂ ಸೇವ್ ಆಗಿರದಿದ್ದರೆ ಪಾಥ್ ಖಾಲಿ. ಒನ್‌ಡ್ರೈವ್‌ನಲ್ಲಿದ್ದರೆ ಫೋಲ್ಡರ್ ಬದಲು ವೆಬ್ ವಿಳಾಸ ಬರಬಹುದು.

ಕೊನೆಯ ಮಾತು

ವಿಳಾಸ ಸರಿ ಇದ್ದರೂ ಒಳಗಿರುವ ಫೈಲ್ ಹಳೆಯದಿರಬಹುದು. ಆದ್ದರಿಂದ ವರದಿಯ ಮೊದಲ ಸಾಲುಗಳಲ್ಲಿ ನಾಲ್ಕು ವಿವರ ಅಚ್ಚಾಗಲಿ: ಸ್ಕ್ರಿಪ್ಟ್‌ನ ಹೆಸರು, ಅದರ ಫೋಲ್ಡರ್, ಓದಿದ ಫೈಲ್‌ನ ಪೂರ್ತಿ ವಿಳಾಸ, ಆ ಫೈಲ್ ಕೊನೆಗೆ ಬದಲಾದ ದಿನಾಂಕ. ಆಮೇಲೆ ಬೇರೊಂದು ಫೋಲ್ಡರ್‌ಗೆ ಹೋಗಿ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿ. ಎರಡೂ ಸಲ ಒಂದೇ ಮೊತ್ತ ಬಂದು, ದಿನಾಂಕವೂ ಸರಿಯಿದ್ದರೆ, ಆಗ ಮಾತ್ರ ಕ್ರಾನ್‌ಗೆ ಒಪ್ಪಿಸಿ.