ಬೈಶಾದ ಹುಲ್ಲುಕುಂಚ

ಪುಟ್ಟೀ, ಮೊನ್ನೆ ಫೋನಿನಲ್ಲಿ ನೀನಂದ ಮಾತು ಮನಸ್ಸಿನಿಂದ ಹೋಗಿಲ್ಲ. “ತಾತ, ಖಾಲಿ ಹಾಳೆ ಮುಂದಿಟ್ಕೊಂಡು ಕೂತ್ರೆ ಏನೂ ಹೊಳೆಯೋದೇ ಇಲ್ಲ.” ಪಿಯುಸಿ, ಟ್ಯೂಷನ್, ವಾರಕ್ಕೆರಡು ಟೆಸ್ಟು. ಹೊಳೆಯುವುದಕ್ಕೆ ಒಳಗೆ ಜಾಗವೆಲ್ಲಿದೆ, ಮಗೂ?

ನಿನ್ನ ಮಾತಿಗೆ ಒಬ್ಬ ನೆನಪಾದ. ಚೀನಾದಲ್ಲಿ ಚೆನ್ ಶಿಯಾನ್‌ಜಾಂಗ್ (1428–1500) ಎಂಬ ಕನ್ಫ್ಯೂಷಿಯಸ್ ಪಂಥದ ವಿದ್ವಾಂಸನಿದ್ದ. ಇಪ್ಪತ್ತರ ಹರೆಯದಲ್ಲೇ ರಾಜಧಾನಿಯ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ. ಆಮೇಲೆ ಗುರುವೊಬ್ಬರ ಬಳಿ ಕೆಲವು ತಿಂಗಳು ಓದಿದರೂ ಗ್ರಂಥದ ಮಾತಿಗೂ ತನ್ನ ಮನಸ್ಸಿಗೂ ಬೆಸುಗೆ ಬೀಳಲಿಲ್ಲ. ಗ್ವಾಂಗ್‌ಡಾಂಗ್ ಸೀಮೆಯ ತನ್ನ ಊರು ಬೈಶಾಕ್ಕೆ ಮರಳಿ, ಬಾಗಿಲು ಹಾಕಿಕೊಂಡು ವರ್ಷಗಟ್ಟಲೆ ಕೂತ. ‘ಜಿಂಗ್‌ಜುವೊ’ ಎನ್ನುತ್ತಾರೆ ಅದಕ್ಕೆ, ಸುಮ್ಮನೆ ಕೂರುವುದು.

ಹಳ್ಳಿಯಲ್ಲಿ ಕುಂಚ ಸಿಗದಾದಾಗ ಅವನು ಕಾಡುಹುಲ್ಲಿನ ದಂಟಿನಿಂದಲೇ ಒಂದನ್ನು ಮಾಡಿಕೊಂಡ. ಅದರ ಗೆರೆ ಒರಟು. ಶಾಯಿ ಅಲ್ಲಲ್ಲಿ ಕಡಿದು ಹಾಳೆಯ ಬಿಳುಪು ಇಣುಕುತ್ತದೆ. ಆ ಒರಟೇ ಅವನ ಬರವಣಿಗೆಯ ಗುರುತಾಯಿತು. ಅಂಥ ಕುಂಚವನ್ನು ಆ ಕಡೆ ಇಂದಿಗೂ ಕಟ್ಟುತ್ತಾರೆ. ಕೂತದ್ದರಿಂದಲೇ ಕುಂಚ ಹೊಳೆಯಿತು ಎಂದು ನಾನು ಹೇಳಲಾರೆ. ಆದರೆ ಇಲ್ಲದ್ದಕ್ಕೆ ಹಪಹಪಿಸುವ ಕಣ್ಣಿಗೆ ಕಾಲಡಿಯ ಹುಲ್ಲು ಕಾಣುವುದಿಲ್ಲ.

ಹೀಗೆ ಸುಮ್ಮನೆ ಕೂರುವುದಕ್ಕೆ ಪದ್ಮಾಸನ ಬೇಡ, ಮಂತ್ರ ಬೇಡ, ಯೋಚನೆಗಳನ್ನು ಹೊಡೆದಟ್ಟುವುದೂ ಬೇಡ. ಅದೇ ಪಂಥದ ಹನ್ನೆರಡನೇ ಶತಮಾನದ ಗುರು ಝೂ ಶಿ ಶಿಷ್ಯರಿಂದ ಬಯಸಿದ್ದು ಇಷ್ಟೇ: ಚೆದುರಿದ ಮನಸ್ಸನ್ನು ಒಟ್ಟುಮಾಡಿಕೊಳ್ಳುವುದು, ಕೆಲಸ ಬಂದಾಗ ಎದ್ದು ಮಾಡುವುದು. ನಿನಗೆ ಬೆಳಿಗ್ಗೆ ಹತ್ತು ನಿಮಿಷ ಸಾಕು. ಕುರ್ಚಿಯಲ್ಲೇ ಕೂರು, ಫೋನು ಮಾತ್ರ ಇನ್ನೊಂದು ಕೋಣೆಯಲ್ಲಿರಲಿ.

ಹಟ ಹಿಡಿದು ಕೂರಬೇಡ. ಅದೇ ಪಂಥದ ವಾಂಗ್ ಯಾಂಗ್‌ಮಿಂಗ್ (1472–1529) ಯುವಕನಾಗಿದ್ದಾಗ ಬಿದಿರಿನ ಒಳತತ್ತ್ವ ಕಂಡೇ ತೀರುತ್ತೇನೆಂದು ಏಳು ದಿನ ಅದನ್ನೇ ದಿಟ್ಟಿಸಿ ಕಾಯಿಲೆ ಬಿದ್ದ. ಖಾಲಿ ಹಾಳೆಯನ್ನು ನೀನು ದಿಟ್ಟಿಸುವುದೂ ಹಾಗೇ ಅನ್ನಿಸುತ್ತದೆ ನನಗೆ. ಮುಂದೆ ಅವನೇ ಗುರುವಾಗಿ ಶಿಷ್ಯರಿಗೆ ಕೂರಲು ಕಲಿಸಿದ. ಅವರಲ್ಲಿ ಕೆಲವರು ಮೌನದ ರುಚಿ ಹತ್ತಿ ಲೋಕದ ಕೆಲಸಕ್ಕೆ ಬೆನ್ನು ಹಾಕತೊಡಗಿದ್ದನ್ನು ಕಂಡು, ಕೆಲಸದ ನಡುವೆಯೇ ಮನಸ್ಸನ್ನು ಹದಮಾಡಿಕೊಳ್ಳಿ ಎಂದು ತಿದ್ದಿದ. ಹಾಗಾಗಿ ಅಮ್ಮ ಕರೆದರೆ ಎದ್ದು ಹೋಗು, ಸಿಡುಕಬೇಡ.

ಆಮೇಲೆ ಹಾಳೆ ತೆಗಿ. ಮೊದಲ ಗೆರೆ ಸೊಟ್ಟಗಾದರೂ ಅಳಿಸದೆ ಹಾಗೇ ಇಟ್ಟಿರು. ಭಾನುವಾರ ಬರುತ್ತೇನಲ್ಲ, ನೋಡಬೇಕು ನಾನು.