ದೋಣಿ ಹತ್ತುವಾಗ ಹಾಕಿದ ಸಹಿ

ಅಂಡಮಾನ್‌ನಲ್ಲಿ ಸ್ಕೂಬಾ, ಸ್ನಾರ್ಕೆಲಿಂಗ್ ಎಂದು ಹಣ ಕಟ್ಟಿದವರ ಮುಂದೆ ಒಂದು ಕಾಗದ ಬರುತ್ತದೆ. ಏನೇ ಆದರೂ ನಾನೇ ಹೊಣೆ, ಸಂಸ್ಥೆಗೆ ಸಂಬಂಧವಿಲ್ಲ ಎಂಬುದು ಅದರ ತಾತ್ಪರ್ಯ. ಹಿಂದೆ ಜನ ಕಾಯುತ್ತಿರುತ್ತಾರೆ, ಮಕ್ಕಳಿಗೆ ನೀರಿಗಿಳಿಯುವ ಆತುರ. ಓದದೆ ಸಹಿ ಬೀಳುತ್ತದೆ. ಮುಂದೆ ಅನಾಹುತವಾದರೆ, ‘ಬರೆದುಕೊಟ್ಟುಬಿಟ್ಟಿದ್ದೇವಲ್ಲ, ಇನ್ನೇನು ಮಾಡೋದು’ ಎಂದು ಸುಮ್ಮನಾಗುವವರೇ ಹೆಚ್ಚು.

ಸುಮ್ಮನಾಗಬೇಕಿಲ್ಲ. ಅಲೆ, ಗಾಳಿ, ಸೆಳೆತಗಳ ಸಹಜ ಅಪಾಯಕ್ಕೆ ನೀವು ಒಪ್ಪಿರಬಹುದು. ದೋಣಿಯವನ ನಿರ್ಲಕ್ಷ್ಯಕ್ಕೆ ಒಪ್ಪಿಲ್ಲ. ಬಾಡಿಗೆ ಪಡೆದು, ಜೀವಕ್ಕೆ ಅಪಾಯವಾಗುವಷ್ಟು ಜನರನ್ನು ತುಂಬಿದ ಅಥವಾ ಸುಸ್ಥಿತಿಯಲ್ಲಿಲ್ಲದ ದೋಣಿಯಲ್ಲಿ ಯಾರನ್ನಾದರೂ ಸಾಗಿಸುವುದು ಭಾರತೀಯ ನ್ಯಾಯ ಸಂಹಿತೆಯ 284ನೇ ಕಲಮಿನಡಿ ಅಪರಾಧ. ಅದಕ್ಕೆ ದೋಣಿ ಮುಳುಗಲೇಬೇಕೆಂದಿಲ್ಲ, ಯಾರೂ ಸಾಯಲೇಬೇಕೆಂದಿಲ್ಲ. ಅಜಾಗರೂಕತೆಯಿಂದ ನಡೆಸಿದರೆ 282ನೇ ಕಲಮು. ಜೀವ ಹೋದರೆ 106, ಅದರಲ್ಲಿ ಐದು ವರ್ಷದವರೆಗೂ ಜೈಲು. ಪ್ರಯಾಣಿಕ ಬರೆದುಕೊಟ್ಟ ಚೀಟಿ ಇವುಗಳಲ್ಲಿ ಯಾವುದನ್ನೂ ಅಳಿಸುವುದಿಲ್ಲ.

ಮಿತಿಮೀರಿ ಜನ ಹತ್ತಿಸುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದಲ್ಲ. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಬಳಿ ಪ್ರವಾಸಿ ದೋಣಿಯೊಂದು ಮಗುಚಿ ಕನಿಷ್ಠ 21 ಮಂದಿ ಸತ್ತರು. 2019ರ ಜನವರಿ 21ರಂದು ನಮ್ಮದೇ ಕಾರವಾರದಲ್ಲಿ, ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಎರಡೂ ಕಡೆ ಕೇಳಿಬಂದದ್ದು ಒಂದೇ ಮಾತು: ಹಿಡಿಸುವುದಕ್ಕಿಂತ ಹೆಚ್ಚು ಜನ.

ಹೀಗಾಗಿ ಜೆಟ್ಟಿಯಲ್ಲಿ ನಿಂತಾಗಲೇ ಕೇಳಿ. ಎಷ್ಟು ಜನಕ್ಕೆ ಪರವಾನಗಿ? ಈಗ ಎಷ್ಟು ಜನ ಕೂತಿದ್ದಾರೆ? ಲೈಫ್ ಜಾಕೆಟ್ ಇದೆಯೆಂದರೆ ಸಾಲದು. ಕೈಯಲ್ಲಿ ಹಿಡಿದು ನೋಡಿ: ಬಕಲ್ ಕೂರುತ್ತದೆಯೇ, ಪಟ್ಟಿ ಹರಿದಿದೆಯೇ, ಒಳಗಿನ ಫೋಮ್ ಪುಡಿಯಾಗಿದೆಯೇ. ಮಗುವಿಗೆ ಹಾಕಿದ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆಳೆಯಿರಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ದೊಡ್ಡವರ ಅಳತೆಯದು, ನೀರಿನಲ್ಲಿ ಮಗು ಅದರೊಳಗಿಂದ ಜಾರಿಹೋಗುತ್ತದೆ. ಸೀಟಿನ ಕೆಳಗೆ ಕಟ್ಟಿಟ್ಟ ಜಾಕೆಟ್ ಇದ್ದೂ ಇಲ್ಲದ ಹಾಗೆ. ಮನಸ್ಸು ಒಪ್ಪದಿದ್ದರೆ ಹತ್ತಬೇಡಿ. ಅಸುರಕ್ಷಿತ ದೋಣಿ ಸೇವಾ ನ್ಯೂನತೆ, ಹಣ ವಾಪಸ್ ಕೇಳುವ ಹಕ್ಕು ನಿಮಗಿದೆ. ‘ಎಲ್ಲರೂ ಕೂತಿದ್ದಾರಲ್ಲ, ನಿಮಗೊಬ್ಬರಿಗೇನು’ ಎನ್ನುತ್ತಾರೆ. ಅನ್ನಲಿ.

ಬಿಲ್ ಕೇಳಿ ಪಡೆಯಿರಿ. ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಯುಪಿಐ ಸಂದೇಶ, ವಾಟ್ಸ್ಆ್ಯಪ್ ಮಾತುಕತೆ, ದೋಣಿಯ ನೋಂದಣಿ ಸಂಖ್ಯೆಯ ಫೋಟೊ ಇವನ್ನೂ ಉಳಿಸಿಕೊಳ್ಳಿ. ಪ್ರಯಾಣಿಕರ ಪಟ್ಟಿಯಲ್ಲಿ ಸರಿಯಾದ ಹೆಸರನ್ನೇ ಬರೆಸಿ. ಗೆಳೆಯನ ಟಿಕೆಟ್‌ನಲ್ಲಿ ಹೋದವನಿಗೆ ಏನಾದರೂ ಆದರೆ ವಿಮೆ, ಪರಿಹಾರ ಎರಡೂ ಸಿಕ್ಕುಬೀಳುತ್ತವೆ.

ಸಮುದ್ರದಲ್ಲಿ ತೊಂದರೆಯಾದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ, ಇಲ್ಲವೇ 112ಕ್ಕೆ. ದಡಕ್ಕೆ ಬಂದ ಮೇಲೆ ಸ್ಥಳೀಯ ಠಾಣೆಯಲ್ಲಿ ದೂರು ಕೊಡಿ. ವಿಮಾನದ ಹೊತ್ತಾಯಿತು ಎಂದು ಹೊರಟುಬಂದಿದ್ದರೂ ಚಿಂತೆಯಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಎಲ್ಲಿಯೇ ನಡೆದಿರಲಿ, ಹುಬ್ಬಳ್ಳಿಯ ಠಾಣೆಯಲ್ಲೂ ದೂರು ದಾಖಲಿಸಬಹುದು. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂಬ ಉತ್ತರ ಈಗ ನಡೆಯುವುದಿಲ್ಲ. ಅವರು ಜೀರೋ ಎಫ್‌ಐಆರ್ ಮಾಡಿ ಅಲ್ಲಿಗೆ ಕಳಿಸಬೇಕು. ಅದರ ಪ್ರತಿ ನಿಮಗೆ ಉಚಿತ.

ಹಕ್ಕಿನ ಮಾತು ಆಡುವವರು ತಮ್ಮ ಮೇಲಿನ ನಿರ್ಬಂಧವನ್ನೂ ತಿಳಿದಿರಬೇಕು. ದಡದಲ್ಲಿ ಬಿದ್ದಿದ್ದ ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವವರು ಬಹಳ. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ, ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ಹೆಚ್ಚು ಹಣ ಕೊಟ್ಟರೆ ಪ್ರವೇಶ ನಿಷೇಧವಿರುವ ಉತ್ತರ ಸೆಂಟಿನೆಲ್ ದ್ವೀಪದ ಹತ್ತಿರ ಕರೆದೊಯ್ಯುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 2025ರ ಮಾರ್ಚ್‌ನಲ್ಲಿ ಅಲ್ಲಿಗೆ ಹೋಗಿಬಂದ ಅಮೆರಿಕದ ಪ್ರಜೆಯೊಬ್ಬನನ್ನು ಪೊಲೀಸರು ಬಂಧಿಸಿದರು. ಹೊರದೇಶದಿಂದ ಬರುವ ನಮ್ಮವರು ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ತರುವುದೂ ಕೂಡದು.

ಪರಿಹಾರ ಕೇಳಲು ಅಂಡಮಾನ್‌ಗೆ ಅಲೆಯಬೇಕಿಲ್ಲ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಈ ಒಂದು ಬದಲಾವಣೆ ಪ್ರವಾಸಿಗರಿಗೆ ಸಿಕ್ಕ ದೊಡ್ಡ ಬಲ ಎಂದೇ ನನ್ನ ಎಣಿಕೆ. ಊರು ಬಿಟ್ಟು ಹೋದವರು ದೂರಿಗಾಗಿ ಮರಳಿ ಬರುವುದಿಲ್ಲ ಎಂಬ ಧೈರ್ಯದ ಮೇಲೇ ಎಷ್ಟೋ ವ್ಯವಹಾರ ನಡೆಯುತ್ತಿತ್ತು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಮೊದಲು ಒಂದು ನೋಟಿಸ್ ಕಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿ ನೋಡಿ. ಅನೇಕ ಸಲ ಹಣ ಅಷ್ಟಕ್ಕೇ ವಾಪಸ್ ಬರುತ್ತದೆ. ಬಾರದಿದ್ದರೆ ಘಟನೆಯಾದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ವಕೀಲರ ನೆರವು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ. ಸಹಾಯವಾಣಿ 15100.